ಒಂದು ಹಪ್ಪಳವೂ ಮಾರದೆ ಹನ್ನೆರಡು ರಿಟರ್ನ್

2024ರ ನವರಾತ್ರಿ. ಆಯುಧಪೂಜೆಗೆ ಇನ್ನೆರಡು ದಿನ ಇತ್ತು. ಕೊಟ್ಟಿಗೆ ಪಕ್ಕದ ಶೆಡ್ಡಿನಲ್ಲಿ ಪ್ಲಾಸ್ಟಿಕ್ ಹೊದ್ದು ಕೂತಿದ್ದ ಡ್ರೈಯರನ್ನು ಒರೆಸುತ್ತಿದ್ದೆ. ಮೇ ತಿಂಗಳಲ್ಲಿ ಬಂದ ಯಂತ್ರ. ಅಷ್ಟು ದಿನವಾದರೂ ಅದರೊಳಗೆ ಒಂದು ಹಲಸಿನ ತೊಳೆ ಕೂಡ ಹೋಗಿರಲಿಲ್ಲ. ಆಗ ಫೋನಿಗೆ ಒಂದು ಸಂದೇಶ ಬಂತು. ಇಂಗ್ಲಿಷಿನಲ್ಲಿತ್ತು, ಕೊನೆಗೊಂದು ನಂಬರು. ಅಂಥವು ತಿಂಗಳಿಗೆ ಎರಡು ಮೂರು ಬರುತ್ತಿದ್ದವು. ಸಾಲ ಕೊಡುವವರ ಕಾಟ ಅಂದುಕೊಂಡು ಅಳಿಸಿಬಿಡುತ್ತಿದ್ದೆ. ಈ ಸಲ ಯಾಕೋ ಓದಿದೆ. ನಿಮ್ಮ ಜಿಎಸ್‌ಟಿ ನೋಂದಣಿಯನ್ನು ಯಾಕೆ ರದ್ದು ಮಾಡಬಾರದು ಅಂತ ಕೇಳಿದ್ದರು. ಉತ್ತರ ಕೊಡಲು ಏಳು ಕೆಲಸದ ದಿನ.

ನಾನು ಏನೂ ಮಾರಿಲ್ಲ. ಯಾರಿಂದಲೂ ಒಂದು ರೂಪಾಯಿ ತೆಗೆದುಕೊಂಡಿಲ್ಲ. ನನ್ನ ಮೇಲೆ ನೋಟಿಸ್ ಯಾಕೆ?

ನಮ್ಮದು ಸಾಗರದ ಹತ್ತಿರದ ಹಳ್ಳಿ. ಬೆಂಗಳೂರಿನ ಕೆಲಸ ಬಿಟ್ಟು ಬಂದ ಮೇಲೆ ಹಲಸಿನ ಹಪ್ಪಳ, ಹಲಸಿನ ಚಿಪ್ಸ್, ಅಪ್ಪೆಮಿಡಿ ಉಪ್ಪಿನಕಾಯಿ ಮಾರುವ ಯೋಚನೆ ಮಾಡಿದ್ದೆ. ಅತ್ತೆಯ ಕೈ ಹಪ್ಪಳಕ್ಕೆ ಊರಲ್ಲೆಲ್ಲ ಹೆಸರಿದೆ. ಆನ್‌ಲೈನಿನಲ್ಲಿ ಮಾರಬೇಕಾದರೆ ಜಿಎಸ್‌ಟಿ ನಂಬರು ಬೇಕೇ ಬೇಕು ಅಂತ ಯಾರೋ ಹೇಳಿದರು. ಪೇಟೆಯಲ್ಲಿ ಇಂಥದ್ದೆಲ್ಲ ಮಾಡಿಸಿಕೊಡುವವರೊಬ್ಬರು ಇದ್ದರು. ಆಧಾರ್, ಪ್ಯಾನ್, ಫೋಟೋ, ಅತ್ತೆಯ ಹೆಸರಿನ ಕರೆಂಟ್ ಬಿಲ್ಲು, ಈ ಮನೆಯಲ್ಲಿ ವ್ಯಾಪಾರ ಮಾಡಲು ನನ್ನ ಅಭ್ಯಂತರ ಇಲ್ಲ ಅಂತ ಅತ್ತೆ ಸಹಿ ಹಾಕಿದ ಪತ್ರ, ಎಲ್ಲ ಕೊಟ್ಟೆ. 3,500 ರೂಪಾಯಿ ತೆಗೆದುಕೊಂಡರು. ಸರ್ಕಾರಕ್ಕೆ ಇದಕ್ಕೆ ಒಂದು ಪೈಸೆಯೂ ಕಟ್ಟಬೇಕಿಲ್ಲ ಅಂತ ಆಮೇಲೆ ಗೊತ್ತಾಯಿತು. ಇರಲಿ, ಅವರ ಕೂಲಿ ಅಂದುಕೊಳ್ಳೋಣ. 2024ರ ಮಾರ್ಚ್ ಎರಡನೇ ವಾರ ನಂಬರು ಬಂತು. ಹದಿನೈದು ಅಕ್ಷರ, ಕರ್ನಾಟಕದ್ದಾದ್ದರಿಂದ 29ರಿಂದ ಶುರು. ಪ್ರಮಾಣಪತ್ರವನ್ನು ಲ್ಯಾಮಿನೇಶನ್ ಮಾಡಿಸಿ ದೇವರ ಕೋಣೆಯ ಗೋಡೆಗೆ ಹಾಕಿದೆ.

ಆಮೇಲೆ ಒಂದೊಂದೇ ತಡವಾಯಿತು. ಡ್ರೈಯರಿಗೆ ತ್ರೀ ಫೇಸ್ ಕರೆಂಟು ಬೇಕಿತ್ತು, ಲೈನು ಬರಲಿಲ್ಲ. ಅತ್ತೆ ಅಂಗಳದಲ್ಲಿ ಜಾರಿ ಬಿದ್ದರು. ಜೂನಿನಲ್ಲಿ ಮಳೆ ಹಿಡಿಯಿತು, ಹಲಸು ಮರದಲ್ಲೇ ಕೊಳೆಯಿತು. ಮುಂದಿನ ವರ್ಷ ನೋಡೋಣ ಅಂತ ಸುಮ್ಮನಾದೆ. ವ್ಯಾಪಾರವೇ ಇಲ್ಲ, ಆದಾಯವೇ ಇಲ್ಲ, ಅಂದ್ಮೇಲೆ ಯಾರಿಗೆ ಏನು ಲೆಕ್ಕ ಕೊಡೋದು? ನನ್ನ ತಪ್ಪು ಇಲ್ಲೇ ಇತ್ತು. ಜಿಎಸ್‌ಟಿಯಲ್ಲಿ ಲೆಕ್ಕ ಕೊಡುವ ಜವಾಬ್ದಾರಿ ಹುಟ್ಟುವುದು ದುಡ್ಡು ಬಂದ ದಿನ ಅಲ್ಲ, ನಂಬರು ಬಂದ ದಿನ. ಏನೂ ಇಲ್ಲದಿದ್ದರೆ ಏನೂ ಇಲ್ಲ ಅಂತ ತಿಂಗಳು ತಿಂಗಳು ಹೇಳಬೇಕು, ಆ ಲೆಕ್ಕಪತ್ರಕ್ಕೇ ರಿಟರ್ನ್ ಅನ್ನುವುದು. ಹೇಳದಿದ್ದರೆ ಅವರಿಗೆ ಹೇಗೆ ಗೊತ್ತಾಗಬೇಕು, ಅಲ್ವಾ?

ಮಾಡಿಸಿಕೊಟ್ಟವರಿಗೆ ಫೋನ್ ಮಾಡಿದೆ. "ರಿಟರ್ನ್ ಬೇರೆ ಮೇಡಂ. ನೀವು ನಂಬರು ಮಾತ್ರ ಕೇಳಿದ್ರಿ" ಅಂದರು. ಇನ್ನೊಂದು ವಿಷಯವೂ ಅವತ್ತೇ ತಿಳಿಯಿತು. ನೋಂದಣಿಯಲ್ಲಿ ಮೊಬೈಲ್ ನಂಬರು ನನ್ನದು, ಇಮೇಲ್ ಅವರದು. ರಿಟರ್ನ್ ಹಾಕಿಲ್ಲ ಅಂತ ನೆನಪಿಸುವ ಪತ್ರಗಳೆಲ್ಲ ತಿಂಗಳು ತಿಂಗಳು ಅವರ ಪೆಟ್ಟಿಗೆಗೆ ಹೋಗಿ ಬಿದ್ದಿದ್ದವು. ಅವರು ತೆರೆದು ನೋಡಿರಲಿಲ್ಲ. ಮೊದಲು ಇಮೇಲ್ ಬದಲಾಯಿಸಿದೆ. ಅದಕ್ಕೆ ಅಧಿಕಾರಿಯ ಒಪ್ಪಿಗೆ ಬೇಕಿಲ್ಲ, ಪೋರ್ಟಲಿನಲ್ಲಿ ನಾವೇ ಮಾಡಬಹುದು. ಹೊಸದಾಗಿ ನಂಬರು ತಗೊಳ್ಳುವವರು ಬೇರೇನು ಮರೆತರೂ ಪರವಾಗಿಲ್ಲ, ಇಮೇಲೂ ಪಾಸ್‌ವರ್ಡೂ ನಿಮ್ಮ ಕೈಯಲ್ಲೇ ಇರಲಿ.

ಮರುದಿನ ವಾಣಿಜ್ಯ ತೆರಿಗೆ ಕಚೇರಿಗೆ ಹೋದೆ. ಬೈಸಿಕೊಳ್ಳಲು ಸಿದ್ಧಳಾಗಿಯೇ ಹೋಗಿದ್ದೆ. ಅಲ್ಲಿದ್ದ ಅಧಿಕಾರಿ ನನ್ನ ಪ್ರಮಾಣಪತ್ರ ನೋಡಿದರು, ಲ್ಯಾಮಿನೇಶನ್ ನೋಡಿ ನಕ್ಕರು.

"ಏನು ಮಾರ್ತೀರಿ?"

"ಹಪ್ಪಳ ಮೇಡಂ. ಮಾರಿಲ್ಲ ಇನ್ನೂ."

"ಹಪ್ಪಳಕ್ಕೆ ತೆರಿಗೇನೇ ಇಲ್ವಲ್ಲಮ್ಮ. ನಂಬರು ಎಂತಕ್ಕೆ ತಗೊಂಡ್ರಿ?"

ನಾನು ಬಾಯಿ ಬಿಟ್ಟುಕೊಂಡು ನಿಂತೆ. ನಿಜ, ಹಪ್ಪಳ ಯಾವ ಹೆಸರಿನದಾದರೂ ಅದಕ್ಕೆ ಜಿಎಸ್‌ಟಿ ಇಲ್ಲ. ಹೋಟೆಲಿನಲ್ಲಿ ಊಟದ ಜೊತೆ ಬಡಿಸಿದರೆ ಮಾತ್ರ ಬೇರೆ ಮಾತು. ಬರೀ ತೆರಿಗೆ ಇಲ್ಲದ ವಸ್ತು ಮಾರುವವರು ನೋಂದಣಿ ಮಾಡಿಸಬೇಕಾಗಿಯೇ ಇಲ್ಲ. ಉಪ್ಪಿನಕಾಯಿ, ಚಿಪ್ಸಿಗೆ ತೆರಿಗೆ ಇದೆ. ಆದರೆ ಕರ್ನಾಟಕದೊಳಗೆ ಸರಕು ಮಾರುವವರಿಗೆ ವರ್ಷದ ವಹಿವಾಟು 40 ಲಕ್ಷ ದಾಟುವವರೆಗೆ ನಂಬರು ಬೇಡ. ಸೇವೆ ಕೊಡುವವರಿಗಾದರೆ 20 ಲಕ್ಷ. ದೊಡ್ಡ ಆನ್‌ಲೈನ್ ಅಂಗಡಿಗಳ ಮೂಲಕ ಮಾರುವವರಿಗೆ ಮೊದಲು ಕಡ್ಡಾಯ ಇತ್ತು. 2023ರ ಅಕ್ಟೋಬರ್ 1ರಿಂದ ಅದನ್ನೂ ಸಡಿಲಿಸಿದ್ದಾರೆ. ಸಣ್ಣವರು ತಮ್ಮ ರಾಜ್ಯದೊಳಗೆ ಮಾತ್ರ ಮಾರುವುದಾದರೆ ಒಂದು ಎನ್‌ರೋಲ್‌ಮೆಂಟ್ ನಂಬರು ಸಾಕು. ನಾನು ಕೇಳಿದ್ದು ಹಳೇ ಸುದ್ದಿ.

"ಹೊರರಾಜ್ಯಕ್ಕೆ ಕಳಿಸ್ತೀರಾ?" ಅಂತ ಅವರು ಕೇಳಿದರು. ಪುಣೆಯಲ್ಲಿ ನನ್ನ ಚಿಕ್ಕಮ್ಮ ಇದ್ದಾರೆ. ಅವರ ಕಾಲೊನಿಯ ಕನ್ನಡದವರು ಉಪ್ಪಿನಕಾಯಿಗೆ ಆಗಲೇ ಹೆಸರು ಬರೆಸಿದ್ದರು. "ಹಾಗಾದ್ರೆ ಇಟ್ಕೊಳ್ಳಿ. ಉಪ್ಪಿನಕಾಯಿ ಗಡಿ ದಾಟಿದ್ರೆ ನಂಬರು ಬೇಕು. ಬಾಕಿ ರಿಟರ್ನ್ ಎಲ್ಲ ಹಾಕಿ, ನೋಟಿಸ್ ತಾನಾಗೇ ಬಿದ್ದುಹೋಗುತ್ತೆ."

ರದ್ದು ಮಾಡಿಸಿಬಿಡಲೇ ಅಂತಲೂ ಯೋಚಿಸಿದ್ದೆ. ಅದೂ ಸುಲಭದ್ದಲ್ಲ. ನಾವಾಗಿಯೇ ರದ್ದಿಗೆ ಅರ್ಜಿ ಹಾಕಬೇಕು, ರದ್ದಾದ ಮೇಲೆ ಮೂರು ತಿಂಗಳೊಳಗೆ ಜಿಎಸ್‌ಟಿಆರ್-10 ಅಂತ ಕೊನೆಯ ರಿಟರ್ನ್ ಹಾಕಬೇಕು. ಅದನ್ನು ಮರೆತರೆ ದಿನಕ್ಕೆ 200 ರೂಪಾಯಿ. ಬಾಗಿಲು ಹಾಕಿಕೊಂಡು ಹೋಗುವಾಗಲೂ ಹೇಳಿ ಹೋಗಬೇಕು.

ಶಿವಮೊಗ್ಗದಲ್ಲಿ ಒಬ್ಬ ಆಡಿಟರ್ ಮೇಡಂ ಪರಿಚಯದವರು. ಅವರು ಫೋನಿನಲ್ಲೇ ಲೆಕ್ಕ ಹೇಳಿದರು. ಕಟ್ಟಬೇಕಾದ ತೆರಿಗೆ ಶೂನ್ಯ ಇರುವ ರಿಟರ್ನ್ ತಡವಾದರೆ ದಿನಕ್ಕೆ 20 ರೂಪಾಯಿ, ಕೇಂದ್ರಕ್ಕೆ ಹತ್ತು, ರಾಜ್ಯಕ್ಕೆ ಹತ್ತು. ಒಂದು ರಿಟರ್ನಿಗೆ 500ರ ಮೇಲೆ ಏರುವುದಿಲ್ಲ. ಅಂದರೆ 25 ದಿನಕ್ಕೆ ಮೇಲ್ಮಿತಿ ಮುಟ್ಟಿಬಿಡುತ್ತದೆ. ನನ್ನದು ಮಾರ್ಚಿನಿಂದ ಆಗಸ್ಟ್‌ವರೆಗೆ ಆರು ತಿಂಗಳು ಬಾಕಿ. ಮೊದಲ ಐದಕ್ಕೆ 500ರಂತೆ 2,500. ಆಗಸ್ಟಿನದ್ದು ಸೆಪ್ಟೆಂಬರ್ 20ಕ್ಕೆ ಹಾಕಬೇಕಿತ್ತು, ಅಕ್ಟೋಬರ್ 14ಕ್ಕೆ ಹಾಕಿದರೆ 24 ದಿನ, 480. ಒಟ್ಟು 2,980. ನಾನು 20,000ದ ಕನಸು ಕಂಡು ನಡುಗಿದ್ದೆ, ಅಷ್ಟೊಂದೇನೂ ಅಲ್ಲ. ಆದರೂ ಒಂದೂ ಹಪ್ಪಳ ಮಾರದೆ ಕಟ್ಟುವ ದಂಡ.

ದಸರಾ ಕಳೆದು ಸೋಮವಾರ ರಾತ್ರಿ ಕೂತೆ. ತಿಂಗಳಿಗೆ ಒಂದೇ ರಿಟರ್ನ್ ಅಂದುಕೊಂಡಿದ್ದೆ. ಇರುವುದು ಎರಡು. ಮಾರಿದ್ದರ ಪಟ್ಟಿ ಕೊಡುವುದು ಜಿಎಸ್‌ಟಿಆರ್-1, ಮುಂದಿನ ತಿಂಗಳ 11ಕ್ಕೆ. ತೆರಿಗೆಯ ಲೆಕ್ಕ ಮುಗಿಸುವುದು ಜಿಎಸ್‌ಟಿಆರ್-3ಬಿ, 20ಕ್ಕೆ. ಆಡಿಟರ್ ಮೇಡಂ ಹೇಳಿದ 2,980 ಈ 3ಬಿಯ ಲೆಕ್ಕ. ಆರು ತಿಂಗಳಿಗೆ ಹನ್ನೆರಡು. ಬೇಕಾದ್ದನ್ನು ಮೊದಲು ಹಾಕಲು ಬಿಡುವುದಿಲ್ಲ. ಮಾರ್ಚಿನ ಒಂದು, ಮಾರ್ಚಿನ 3ಬಿ, ಏಪ್ರಿಲಿನ ಒಂದು, ಏಪ್ರಿಲಿನ 3ಬಿ, ಹೀಗೆ ಮೆಟ್ಟಿಲು ಹತ್ತಿದ ಹಾಗೆ. ಪ್ರತಿ ಮೆಟ್ಟಿಲಿಗೂ ಒಂದು ಒಟಿಪಿ.

ನಮ್ಮ ಮನೆಯೊಳಗೆ ನೆಟ್‌ವರ್ಕ್ ಬರುವುದಿಲ್ಲ. ಅಡಿಕೆ ಒಣಗಿಸುವ ಅಟ್ಟದ ಮೂಲೆಯಲ್ಲಿ ಎರಡು ಕಡ್ಡಿ ಸಿಗುತ್ತದೆ. ಲ್ಯಾಪ್‌ಟಾಪ್ ಮಂಕರಿ ಮೇಲೆ ಇಟ್ಟುಕೊಂಡು, ಫೋನನ್ನು ಕಂಬಕ್ಕೆ ನೇತುಹಾಕಿ ಕೂತೆ. ನಮ್ಮನೆಯವರು ಕೆಳಗಿನಿಂದ ಟಾರ್ಚ್ ಹಿಡಿದು "ಬಂತಾ?" ಅಂತ ಕೇಳುತ್ತಿದ್ದರು. ಒಂದು ಒಟಿಪಿ ಬರಲು ಹತ್ತು ನಿಮಿಷ, ಬರುವಷ್ಟರಲ್ಲಿ ಪೋರ್ಟಲ್ ಸಮಯ ಮುಗಿಯಿತು ಅಂತ ಹೊರಗೆ ದಬ್ಬುತ್ತಿತ್ತು.

ಕೆಲಸ ಮಾತ್ರ ಸುಲಭ. ಜಿಎಸ್‌ಟಿಆರ್-1ರಲ್ಲಿ ಶೂನ್ಯ ರಿಟರ್ನ್ ಅಂತ ಒಂದು ಚೌಕ ಇದೆ, ಗುರುತು ಹಾಕಿದರೆ ಆಯಿತು. ಮಾರ್ಚಿನ 3ಬಿಯೂ ಹಾಗೇ ಮುಗಿಯಿತು. ಏಪ್ರಿಲಿನ 3ಬಿಗೆ ಬಂದಾಗ ತಡವರಿಸಿದೆ. ಒಂದು ತಿಂಗಳ ದಂಡ ಆ ತಿಂಗಳಲ್ಲಿ ಕಾಣುವುದಿಲ್ಲ, ಮುಂದಿನ ತಿಂಗಳ ರಿಟರ್ನಿನಲ್ಲಿ ಬಂದು ಕೂರುತ್ತದೆ. ಮಾರ್ಚಿನ 500 ಏಪ್ರಿಲಿನಲ್ಲಿ ಕಾದಿತ್ತು. ಸರಿ, ಮಧ್ಯಾಹ್ನವೇ 2,980 ಚಲನ್ ಕಟ್ಟಿದ್ದೇನಲ್ಲ ಅಂತ ಧೈರ್ಯದಿಂದ ಒತ್ತಿದೆ. ಹಣ ಸಾಲದು ಅಂತ ಬಂತು. ಇನ್ನೊಮ್ಮೆ ಒತ್ತಿದೆ. ಹಣ ಸಾಲದು.

ಚಲನ್ ಕಟ್ಟುವಾಗ ತೆರಿಗೆ, ಬಡ್ಡಿ, ದಂಡ, ಶುಲ್ಕ ಅಂತ ಬೇರೆ ಬೇರೆ ಕಾಲಂ ಇರುತ್ತವೆ. ನಾನು ಎಲ್ಲವನ್ನೂ ತೆರಿಗೆ ಕಾಲಂಗೆ ತುಂಬಿದ್ದೆ. ತಡ ಮಾಡಿದ್ದಕ್ಕೆ ಕಟ್ಟುವುದು ಶುಲ್ಕದ ಕಾಲಂಗೆ ಹೋಗಬೇಕು. ನನ್ನ ದುಡ್ಡು ಅಲ್ಲೇ ಪಕ್ಕದ ಡಬ್ಬಿಯಲ್ಲಿದೆ, ಆದರೆ ಮುಟ್ಟುವ ಹಾಗಿಲ್ಲ. ರಾತ್ರಿ ಹತ್ತು ಗಂಟೆಗೆ ಆಡಿಟರ್ ಮೇಡಂಗೆ ಫೋನ್ ಮಾಡಿದೆ, ಪಾಪ. "ಅಳಬೇಡಿ, ಪಿಎಂಟಿ-09 ಅಂತ ಒಂದು ಫಾರಂ ಇದೆ. ಆ ಡಬ್ಬಿಯಿಂದ ಈ ಡಬ್ಬಿಗೆ ಹಾಕ್ಕೊಳ್ಳಿ" ಅಂದರು. ಹಾಕಿದೆ, ತಕ್ಷಣ ಆಯಿತು. ಇದಕ್ಕೂ ಒಂದು ಒಟಿಪಿ.

ಮೇ ತಿಂಗಳ 3ಬಿ ತೆರೆದಾಗ ಇನ್ನೊಂದು ಆಶ್ಚರ್ಯ. ನಾನು ಏನೂ ತುಂಬದ ಜಾಗದಲ್ಲಿ 15,300 ಅಂತ ತಾನಾಗಿ ಬಂದು ಕೂತಿತ್ತು. ಮತ್ತೆ ದಂಡವೇ ಅಂತ ಎದೆ ಹೊಡೆದುಕೊಂಡಿತು. ಅದು ಡ್ರೈಯರಿನದ್ದು. ಕೊಯಮತ್ತೂರಿನಿಂದ ತರಿಸಿದ ಯಂತ್ರದ ಬೆಲೆ 85,000, ಅದರ ಮೇಲೆ ನೂರಕ್ಕೆ 18ರಂತೆ 15,300 ಜಿಎಸ್‌ಟಿ. ಕೊಳ್ಳುವಾಗ ಹೊಸ ನಂಬರಿನ ಜಂಬದಲ್ಲಿ ಬಿಲ್ಲಿಗೆ ನನ್ನ ನಂಬರು ಹಾಕಿಸಿದ್ದೆ. ಮಾರಿದವರು ಆ ಬಿಲ್ಲನ್ನು ತಮ್ಮ ರಿಟರ್ನಿನಲ್ಲಿ ತೋರಿಸಿದ್ದರು. ಅದೇ ನನ್ನ ಲೆಕ್ಕದಲ್ಲಿ ಕಾಣುತ್ತಿತ್ತು.

"ಮೇ ತಿಂಗಳು ಶೂನ್ಯ ಅಲ್ಲ" ಅಂದರು ಆಡಿಟರ್ ಮೇಡಂ. "ಮಾರಿಲ್ಲ ಅಷ್ಟೇ, ಕೊಂಡಿದ್ದೀರಲ್ಲ. ಕೊಟ್ಟ ತೆರಿಗೆ ವಾಪಸ್ ಲೆಕ್ಕಕ್ಕೆ ತಗೊಳ್ಳಿ. ಮುಂದೆ ನೀವು ಕಟ್ಟೋ ತೆರಿಗೇಲಿ ಕಳೀಬಹುದು." ಹಾಗೇ ಬಿಟ್ಟಿದ್ದರೂ ಆ ಆರ್ಥಿಕ ವರ್ಷದ ಬಿಲ್ಲಿಗೆ 2025ರ ನವೆಂಬರ್ 30ರವರೆಗೆ ಅವಕಾಶ ಇತ್ತಂತೆ. ಆದರೆ ಶೂನ್ಯ ಶೂನ್ಯ ಅಂತ ಒತ್ತುತ್ತಾ ಹೋಗಿದ್ದರೆ ನನಗೆ ಅದು ಎಂದೂ ಗೊತ್ತಾಗುತ್ತಿರಲಿಲ್ಲ. ಎರಡು ಮಾತು ಅವರು ಸೇರಿಸಿದರು. ಹಪ್ಪಳಕ್ಕೆ ತೆರಿಗೆ ಇಲ್ಲವಾದ್ದರಿಂದ ಡ್ರೈಯರನ್ನು ಹಪ್ಪಳಕ್ಕೆ ಬಳಸಿದಷ್ಟು ಪಾಲನ್ನು ಮುಂದೆ ಬಿಟ್ಟುಕೊಡಬೇಕು. ಮತ್ತೆ, ಖಾತೆಯಲ್ಲಿ 15,300 ಇದ್ದರೂ ಅದರಿಂದ 500 ರೂಪಾಯಿ ತಡಶುಲ್ಕ ಕಟ್ಟಲು ಬರುವುದಿಲ್ಲ. ಅದಕ್ಕೆ ನಗದೇ ಆಗಬೇಕು.

ಹನ್ನೆರಡನೆಯ ರಿಟರ್ನ್ ಹೋದಾಗ ರಾತ್ರಿ ಹನ್ನೆರಡಕ್ಕೆ ಹತ್ತು ನಿಮಿಷ ಇತ್ತು. ಆಗಸ್ಟಿನದ್ದು ಇನ್ನೊಂದು ದಿನ ತಡವಾಗಿದ್ದರೆ ಇನ್ನೊಂದು 20 ರೂಪಾಯಿ. ಅಷ್ಟು ಹೊತ್ತಿಗೆ ಆ 20 ರೂಪಾಯಿ ನನಗೆ ಮಾನದ ಪ್ರಶ್ನೆಯಾಗಿತ್ತು. ಎರಡು ದಿನ ಬಿಟ್ಟು ನೋಡಿದರೆ ನೋಟಿಸಿನ ಜೊತೆ ಬಿದ್ದಿದ್ದ ಅಮಾನತು ಹೋಗಿ ನೋಂದಣಿ ಮತ್ತೆ ಚಾಲ್ತಿಗೆ ಬಂದಿತ್ತು. ಸೆಪ್ಟೆಂಬರಿನ 3ಬಿಯನ್ನು ಗಡುವಿಗೆ ಎರಡು ದಿನ ಮೊದಲೇ, 18ಕ್ಕೆ ಹಾಕಿ ಉಳಿದ 480 ತೀರಿಸಿದೆ.

ಬಾಕಿ ಏನೂ ಉಳಿಯದ ಮೇಲೆ ಕೆಲಸ ಇನ್ನೂ ಸುಲಭ. ಮಾರಿದ್ದೂ ಇಲ್ಲ, ಕೊಂಡಿದ್ದೂ ಇಲ್ಲ, ದಂಡವೂ ಇಲ್ಲ ಅನ್ನುವ ತಿಂಗಳ 3ಬಿಗೆ ಪೋರ್ಟಲಿಗೇ ಹೋಗಬೇಕಿಲ್ಲ. 14409ಕ್ಕೆ ಒಂದು ಎಸ್‌ಎಂಎಸ್ ಸಾಕು. ನಿಲ್, 3ಬಿ, ನಮ್ಮ ಜಿಎಸ್‌ಟಿ ನಂಬರು, ತಿಂಗಳು ಮತ್ತು ವರ್ಷ, ನಡುವೆ ಜಾಗ ಬಿಟ್ಟು ಇಂಗ್ಲಿಷಿನಲ್ಲಿ ಬರೆದು ಕಳಿಸಿದರೆ ಆರು ಅಂಕಿಯ ಕೋಡ್ ಬರುತ್ತದೆ. ಅದನ್ನು ಖಚಿತಪಡಿಸಿ ಇನ್ನೊಂದು ಎಸ್‌ಎಂಎಸ್. ಮುಗೀತು. 2020ರಿಂದಲೇ ಇರುವ ಸೌಲಭ್ಯ. ನಾನು ಅಟ್ಟ ಹತ್ತಿ ಇಳಿದಿದ್ದೆಲ್ಲ ನೆನೆದರೆ ಈಗಲೂ ಸಿಟ್ಟು ಬರುತ್ತದೆ. 2025ರ ಜನವರಿಯಲ್ಲಿ ಮೂರು ತಿಂಗಳಿಗೊಮ್ಮೆ ರಿಟರ್ನ್ ಹಾಕುವ ಪದ್ಧತಿಗೆ ಬದಲಾದೆ. 5 ಕೋಟಿವರೆಗೆ ವಹಿವಾಟು ಇರುವವರು ಅದನ್ನು ಆರಿಸಿಕೊಳ್ಳಬಹುದು. 5 ಕೋಟಿ! ನಾನಂತೂ ಅರ್ಹಳು.

ಇನ್ನು ಹೊಟ್ಟೆ ಉರಿಸಿದ್ದು ವೃತ್ತಿ ತೆರಿಗೆ. ಸಂಬಳದಲ್ಲಿ ತಿಂಗಳಿಗೆ 200 ಹಿಡಿಯುತ್ತಿದ್ದರಲ್ಲ, ಅದೇ. ಕರ್ನಾಟಕದಲ್ಲಿ ಜಿಎಸ್‌ಟಿ ನೋಂದಣಿ ಇರುವವರು ಅದಕ್ಕೂ ಹೆಸರು ಹಚ್ಚಿಸಿ ವರ್ಷಕ್ಕೆ 2,500 ಕಟ್ಟಬೇಕು, ಏಪ್ರಿಲ್ 30ರೊಳಗೆ. ಇಲ್ಲಿ ಶೂನ್ಯಕ್ಕೆ ರಿಯಾಯಿತಿ ಇಲ್ಲ. ಸಂಪಾದನೆ ಇಲ್ಲದ ವೃತ್ತಿಗೆ ವೃತ್ತಿ ತೆರಿಗೆ. ಇದನ್ನು ಯಾರು ಎಷ್ಟು ಸಲ ವಿವರಿಸಿದರೂ ನನಗೆ ಸರಿ ಅನ್ನಿಸಿಲ್ಲ. ಕಟ್ಟಿದ್ದೇನೆ ಅನ್ನೋದು ಬೇರೆ.

ಆದಾಯ ತೆರಿಗೆಯ ದಾರಿ ಬೇರೆ. ಅಲ್ಲಿ ನನ್ನಂಥ ಒಂಟಿ ಮಾಲೀಕರಿಗೆ ವ್ಯಾಪಾರ ಬೇರೆ, ನಾನು ಬೇರೆ ಅಂತಿಲ್ಲ. ಒಟ್ಟು ಆದಾಯ ವಿನಾಯಿತಿ ಮಿತಿಯೊಳಗಿದ್ದರೆ ಸಾಮಾನ್ಯವಾಗಿ ರಿಟರ್ನ್ ಕಡ್ಡಾಯ ಅಲ್ಲ. ಹಾಗಾದರೆ ಬಿಡೋಣ ಅಂದೆ. "ಬಿಡಬೇಡಿ, ನಿಮಗೆ ನಷ್ಟ ಇದೆ" ಅಂದರು ಆಡಿಟರ್ ಮೇಡಂ. ನಷ್ಟ ಇದೆ ಅಂತ ಅಷ್ಟು ಖುಷಿಯಿಂದ ಹೇಳಿದವರನ್ನು ನಾನು ನೋಡಿರಲಿಲ್ಲ. ಗಡುವಿನೊಳಗೆ ರಿಟರ್ನ್ ಹಾಕಿದರೆ ಆ ನಷ್ಟವನ್ನು ಎಂಟು ವರ್ಷದವರೆಗೆ ಮುಂದಕ್ಕೆ ಒಯ್ಯಬಹುದು, ಮುಂದೆ ವ್ಯಾಪಾರದಲ್ಲಿ ಲಾಭ ಬಂದಾಗ ಕಳೆಯಬಹುದು. ಒಂದು ದಿನ ತಡವಾದರೂ ಆ ಹಕ್ಕು ಹೋಗುತ್ತದೆ. ಸಣ್ಣವರಿಗೆ ಸುಲಭ ಅನ್ನುವ ಐಟಿಆರ್-4 ಫಾರಂನಲ್ಲಿ ನಷ್ಟ ತೋರಿಸಲು ಬರುವುದಿಲ್ಲ, ಐಟಿಆರ್-3 ಹಾಕಬೇಕು.

ಎಷ್ಟು ನಷ್ಟ ಅನ್ನೋದರಲ್ಲೂ ಪಾಠ ಇತ್ತು. ನಾನು ಖರ್ಚೆಲ್ಲ ಸೇರಿಸಿ ದೊಡ್ಡ ಪಟ್ಟಿ ಮಾಡಿದ್ದೆ. ಅವರು ಅರ್ಧಕ್ಕೂ ಜಾಸ್ತಿ ಹೊಡೆದುಹಾಕಿದರು. ವ್ಯಾಪಾರ ಶುರುಮಾಡಲು ಎಲ್ಲ ಸಜ್ಜಾದ ದಿನದಿಂದ ಮುಂದಿನ ಖರ್ಚು ಮಾತ್ರ ಲೆಕ್ಕಕ್ಕೆ, ಗಿರಾಕಿ ಬಾರದಿದ್ದರೂ ಪರವಾಗಿಲ್ಲ. ನಮಗೆ ತ್ರೀ ಫೇಸ್ ಲೈನು ಬಂದಿದ್ದು ನವೆಂಬರಿನಲ್ಲಿ. ಡ್ರೈಯರಿನ ಸವಕಳಿ? ಓಡಿಸಿದ್ದೇ ಇಲ್ಲ ಅಂದ್ಮೇಲೆ ಸವೆದಿದ್ದು ಎಲ್ಲಿ! ಕೊನೆಗೆ ಉಳಿದಿದ್ದು ಲೇಬಲ್ಲು, ಕರೆಂಟಿನ ನಿಗದಿ ಶುಲ್ಕ, ಅವರದೇ ಫೀಸು, ಎಲ್ಲ ಸೇರಿ 11,800. 2025ರಲ್ಲಿ ಗಡುವನ್ನು ಜುಲೈ 31ರಿಂದ ಸೆಪ್ಟೆಂಬರಿಗೆ ಮುಂದೂಡಿದ್ದರು. ನಾನು ಆಗಸ್ಟಿನಲ್ಲೇ ಹಾಕಿದೆ, ಆಧಾರ್ ಒಟಿಪಿ ಕೊಟ್ಟು ಅವತ್ತೇ ದೃಢೀಕರಿಸಿದೆ. ಮೂವತ್ತು ದಿನದೊಳಗೆ ಅದು ಆಗಬೇಕು.

ನನ್ನ ತಮ್ಮ ಬೆಂಗಳೂರಿನಲ್ಲಿ ಸ್ನೇಹಿತರ ಜೊತೆ ಒಂದು ಎಲ್‌ಎಲ್‌ಪಿ, ಅಂದರೆ ಸೀಮಿತ ಹೊಣೆಯ ಪಾಲುದಾರಿಕೆ ಸಂಸ್ಥೆ, ಮಾಡಿ ಸುಮ್ನೆ ಬಿಟ್ಟಿದ್ದಾನೆ. ನನ್ನ ಕಥೆ ಕೇಳಿ ನಗುತ್ತಿದ್ದ. ಅವನದ್ದು ನನಗಿಂತ ಕಷ್ಟ ಅಂತ ಆಡಿಟರ್ ಮೇಡಂ ಹೇಳಿದ ಮೇಲೆ ನಗು ನಿಂತಿತು. ಕಂಪನಿ, ಪಾಲುದಾರಿಕೆ, ಎಲ್‌ಎಲ್‌ಪಿ ಇವಕ್ಕೆಲ್ಲ ಆದಾಯ ಇಲ್ಲದಿದ್ದರೂ ಆದಾಯ ತೆರಿಗೆ ರಿಟರ್ನ್ ಕಡ್ಡಾಯ. ಎಲ್‌ಎಲ್‌ಪಿಗೆ ಅದರ ಮೇಲೆ ಮೇ 30ಕ್ಕೆ ಫಾರಂ 11 ಅಂತ ವರ್ಷದ ವಿವರ, ಅಕ್ಟೋಬರ್ 30ಕ್ಕೆ ಫಾರಂ 8 ಅಂತ ಲೆಕ್ಕಪತ್ರ.

2025ರ ಬೇಸಿಗೆಯಲ್ಲಿ ಕೊನೆಗೂ ಕೆಲಸ ಶುರುವಾಯಿತು. ಮೊದಲ ಪಾರ್ಸೆಲ್ ಪುಣೆಗೆ, ಅಪ್ಪೆಮಿಡಿ. ಬೆಲೆ 1,000, ಆಗಿನ ದರದಂತೆ ನೂರಕ್ಕೆ 12, ಬಿಲ್ಲು 1,120. ಜುಲೈನಲ್ಲಿ ಆ ಮೂರು ತಿಂಗಳ ರಿಟರ್ನ್ ಹಾಕಲು ಕೂತೆ. ಅದೇ ತಿಂಗಳು ಯುಪಿಐ ಲೆಕ್ಕ ನೋಡಿ ಬೇಕರಿ, ಕಾಂಡಿಮೆಂಟ್ಸ್ ಅಂಗಡಿಯವರಿಗೆಲ್ಲ ನೋಟಿಸ್ ಹೋಗಿ ರಾಜ್ಯವೇ ಗದ್ದಲವಾಗಿತ್ತು. ವ್ಯಾಪಾರ ಇದ್ದು ನಂಬರು ಇಲ್ಲದವರ ಪಾಡು ಅದು, ನಂದು ತಿರುಗಾಮುರುಗಾ. ಮಳೆಗೆ ಅಟ್ಟ ಜಾರುತ್ತಿತ್ತು, ನಮ್ಮನೆಯವರು ಕೊಡೆ ಹಿಡಿದರು. ಶೂನ್ಯ ರಿಟರ್ನೇ ಅಂತ ಪೋರ್ಟಲ್ ಕೇಳಿತು. ಇಲ್ಲ ಅಂತ ಒತ್ತಿದೆ. 120 ರೂಪಾಯಿ ತೆರಿಗೆ ಡ್ರೈಯರಿನ ಲೆಕ್ಕದಲ್ಲಿ ಕಳೆದು 15,180 ಉಳಿಯಿತು.

ಸೆಪ್ಟೆಂಬರ್ 22ರಿಂದ ಉಪ್ಪಿನಕಾಯಿಯ ದರ 12ರಿಂದ 5ಕ್ಕೆ ಇಳಿಯಿತು. ಮತ್ತೆ ನವರಾತ್ರಿ. ಹಳೇ ಲೇಬಲ್ಲಿನ ಬೆಲೆಯ ಮೇಲೆ ಹೊಸ ಚೀಟಿ ಅಂಟಿಸುತ್ತಾ ಕೂತಿದ್ದೆ. ಅತ್ತೆ ಬಂದು ಪಕ್ಕದಲ್ಲಿ ಕೂತರು.

"ಎಂತ ಮತ್ತೆ ಬದಲಾಯ್ತಾ?"

"ಹೌದು ಅತ್ತೆ, ಉಪ್ಪಿನಕಾಯಿಗೆ ಕಮ್ಮಿ ಮಾಡಿದಾರೆ."

"ಹಪ್ಪಳಕ್ಕೆ?"

"ಹಪ್ಪಳಕ್ಕೆ ಮೊದಲೂ ಇರಲಿಲ್ಲ, ಈಗಲೂ ಇಲ್ಲ."

"ಮತ್ತೆ ಮೊದಲೇ ಹಪ್ಪಳನೇ ಮಾಡು ಅಂದಿದ್ನಲ್ಲ" ಅಂದು ಅತ್ತೆ ಒಂದು ಕಟ್ಟು ಚೀಟಿ ತಮ್ಮ ಕಡೆ ಎಳೆದುಕೊಂಡರು.